ಒಗ್ಗರಣೆಯಿಲ್ಲದ ವಾರ

ಕಾದ ಎಣ್ಣೆಗೆ ಇಂಗು ಬಿದ್ದ ವಾಸನೆ ಬಂದರೆ ಈಗಲೂ ನನಗೆ ಸಿಟ್ಟು ಬರುತ್ತದೆ.

ಯುದ್ಧ ಮುಗಿದ ಮರುವರ್ಷ, ಬಸವನಗುಡಿಯ ವಠಾರದ ಮನೆಯಲ್ಲಿ ನನಗೆ ಸೀತಾಳ ಸಿಡುಬು ಎದ್ದಿತ್ತು. ಒಗ್ಗರಣೆ ಹಾಕಿದರೆ ದೇವಿ ಮುನಿಯುತ್ತಾಳೆ ಎಂದು ಅಜ್ಜಿ ಕಟ್ಟಪ್ಪಣೆ ಮಾಡಿದ್ದರು. ಆರು ದಿನ ಸಪ್ಪೆ ಅನ್ನ, ಸಪ್ಪೆ ಬೇಳೆ. ಬೇವಿನ ಸೊಪ್ಪಿನಿಂದ ನನ್ನ ಮೈ ಸವರುತ್ತಾ ಅಮ್ಮ ನಿದ್ದೆಗೆಟ್ಟಿದ್ದಳು.

ಆ ಭಾನುವಾರ ಮಧ್ಯಾಹ್ನ ಸೊಪ್ಪು ತರಲು ಪಕ್ಕದ ಮನೆಗೆ ಹೋಗಿ ಬಂದವಳು ನನ್ನ ಹಣೆ ಮುಟ್ಟಿದಳು.

"ಅಮ್ಮ, ನಿನ್ನ ಕೈ ಇಂಗಿನ ವಾಸನೆ" ಎಂದೆ. ಹಾಗೆ ಅಂದವಳು ನಾನೋ, ಅಜ್ಜಿಯೇ ಕಂಡುಹಿಡಿದರೋ, ಖಚಿತವಿಲ್ಲ. ನಾನೇ ಇರಬೇಕು. ಇಲ್ಲದಿದ್ದರೆ ಇಷ್ಟು ವರ್ಷ ಯಾಕೆ ಚುಚ್ಚುತ್ತಿತ್ತು?

"ಏನೇ ತಿಂದೆ?" ಅಜ್ಜಿ ಕೇಳಿದರು.

"ಪಕ್ಕದ ಮನೇಲಿ ಒಂದು ಹಿಡಿ ಒಗ್ಗರಣೆ ಅವಲಕ್ಕಿ," ಎಂದಳು ಅಮ್ಮ.

"ಮಗು ಹೀಗೆ ಮಲಗಿರೋವಾಗ ಗಂಟಲಲ್ಲಿ ಹೇಗೇ ಇಳೀತು? ಜ್ವರ ಯಾಕೆ ಬಿಡ್ತಿಲ್ಲ ಅಂತ ಈಗ ಗೊತ್ತಾಯ್ತು."

ಅಪ್ಪ ಪತ್ರಿಕೆಯಿಂದ ತಲೆಯೆತ್ತಲಿಲ್ಲ. ಆ ವಾರವೆಲ್ಲ ಅವರು ಗಾಂಧಿ ಬಜಾರಿನ ಹೋಟೆಲಿನಲ್ಲಿ ಮಸಾಲೆ ದೋಸೆ ತಿಂದೇ ಮನೆಗೆ ಬರುತ್ತಿದ್ದರು. ಅಂಗಿಯೆಲ್ಲ ಈರುಳ್ಳಿ ವಾಸನೆ. ಅಜ್ಜಿಗೂ ಗೊತ್ತಿತ್ತು. "ಹೊರಗೆ ದುಡಿಯೋ ಗಂಡಸು, ಪಾಪ" ಎನ್ನುತ್ತಿದ್ದರು.

ಅಮ್ಮ ಅಳುತ್ತಾಳೆ ಎಂದುಕೊಂಡೆ. ಅವಳು ಹೊಸ ಸೊಪ್ಪನ್ನು ಬಿಡಿಸಿಕೊಂಡು ನನ್ನ ಪಕ್ಕದಲ್ಲಿ ಕೂತಳು.

"ನಾಳೇನೂ ಹೋಗ್ತೀನಿ ಅತ್ತೆ" ಎಂದಳು, ಮೆಲ್ಲಗೆ. "ನಾಳೆ ಅವರ ಮನೇಲಿ ಚಿತ್ರಾನ್ನವಂತೆ."