ಸೊನ್ನೆ ಎಪ್ಪತ್ತೇಳು

"ಮತ್ತೆ ಅದೇ!" ಅಮ್ಮ ಮೌಸನ್ನು ಮೇಜಿಗೆ ಕುಕ್ಕಿದಳು. "ಅನುಮತಿ ಇಲ್ಲವಂತೆ. ನನ್ನ ಸ್ಟುಡಿಯೋದಲ್ಲಿ ನನಗೇ ಅನುಮತಿ ಇಲ್ಲ!"

ಮಗಳು ಗುಬ್ಬಿ ಬಂದು ಪರದೆ ನೋಡಿದಳು. ಸಿನಿಮಾದ ಕೊನೆಯ ಭಾಗದ ಸಬ್‌ಟೈಟಲ್ ಫೈಲು. ಬರೆದವಳು ಅತ್ತಿಗೆ. ಓದಬಲ್ಲವಳೂ ಅತ್ತಿಗೆ ಒಬ್ಬಳೇ. ಸಂಜೆಯೊಳಗೆ ಗಿರಾಕಿಗೆ ಕಳಿಸಬೇಕು.

"ಕೇಳಿದಾಗೆಲ್ಲ ತೆರೆದು ಕೊಡ್ತಾರಲ್ಲಮ್ಮ."

"ಕೇಳಬೇಕು ಯಾಕೆ? ಆ ಮಹಾರಾಯನೂ ಹೀಗೇ ಶುರು ಹಚ್ಚಿಕೊಂಡಿದ್ದು."

ಮಹಾರಾಯ ಎಂದರೆ ಅಮ್ಮನ ಹಳೆಯ ಪಾಲುದಾರ. ಫೈಲುಗಳು ತನ್ನೊಬ್ಬನಿಗೇ ಕಾಣುವಂತೆ ಮಾಡಿಕೊಂಡು, ಒಂದು ದಿನ ಗಿರಾಕಿಗಳ ಸಮೇತ ನಡೆದುಬಿಟ್ಟಿದ್ದ. ಅಂದಿನಿಂದ ಇಲ್ಲಿ ಎಲ್ಲರ ಫೈಲೂ ಎಲ್ಲರಿಗೂ ತೆರೆದಿರಬೇಕು. ಕೆಲಸ ಬಿಡುವ ಮಾತು ಯಾರ ಬಾಯಲ್ಲಿ ಬಂದರೂ ಅಮ್ಮನಿಗೆ ಮೈಯೆಲ್ಲ ಉರಿ.

"ಸೊಸೆಗೆ ರೆಕ್ಕೆ ಬಂದಿದೆ ಕಣೇ. ನೀನೇ ನೋಡಿ ಹೇಳು. ಬೇಕಂತಲೇ ಮಾಡಿದ್ರೆ ನಾಳೆಯಿಂದ ಅವಳು ಒಳಕೋಣೆಗೆ ಕಾಲಿಡೋದು ಬೇಡ. ಮನೇಲಿರಲಿ. ಸದ್ಯ, ನೀನಾದ್ರೂ ನನ್ನ ಬಿಟ್ಟು ಎಲ್ಲೂ ಹೋಗಲ್ಲ."

ಗುಬ್ಬಿ ದುಪಟ್ಟಾದ ತುದಿಯಿಂದ ಪರದೆ ಒರೆಸಿದಳು. ಅದರ ಮೇಲೆ ಧೂಳೇನೂ ಇರಲಿಲ್ಲ.

ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಮದುವೆಯಾಗಿ ಬಂದ ಮೇಲೆ ಅತ್ತಿಗೆ ತನ್ನದೆಂದುಕೊಂಡದ್ದು ಒಳಕೋಣೆಯ ಆ ಕುರ್ಚಿಯೊಂದನ್ನೇ. ಪಾತ್ರಗಳ ತುಟಿ ನೋಡುತ್ತ, ಒಂದೊಂದು ಮಾತನ್ನೂ ಅಳೆದು ಕೂರಿಸುತ್ತಿದ್ದಳು. ನಗುವ ದೃಶ್ಯ ಬಂದರೆ ಅವಳು ನಕ್ಕದ್ದು ಹೊರಗಿನವರೆಗೂ ಕೇಳುತ್ತಿತ್ತು. ಹೋದ ವಾರದಿಂದ ಆ ನಗುವೂ ಕಡಿಮೆಯಾಗಿತ್ತು.

ಕಂಪ್ಯೂಟರುಗಳ ಉಸ್ತುವಾರಿ ಗುಬ್ಬಿಯದು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಬಾಗಿಲು ತೆಗೆಯುವವಳೂ ಅವಳೇ. ಒಳಕೋಣೆಯ ದೊಡ್ಡ ಯಂತ್ರದಲ್ಲಿ ಅವಳ ಸೆಷನ್, ಎಂದರೆ ಅವಳ ಹೆಸರಿನಲ್ಲಿ ಲಾಗಿನ್ ಆದ ಪರದೆ, ಸದಾ ತೆರೆದಿರುತ್ತಿತ್ತು. ಅತ್ತಿಗೆ ಅದರೊಳಗಿಂದಲೇ ತನ್ನ ಹೆಸರು, ಪಾಸ್‌ವರ್ಡ್ ಕೊಟ್ಟು ತನ್ನ ಸೆಷನ್ನಿಗೆ ಇಳಿಯುತ್ತಿದ್ದಳು. ಉರಿಯುವ ಒಲೆ ಇರುವಾಗ ಇನ್ನೊಂದು ಯಾಕೆ ಹಚ್ಚಬೇಕು ಎಂಬುದು ಅಮ್ಮನ ಲೆಕ್ಕ.

ಅತ್ತಿಗೆಯ ಎದುರು ನಿಂತು ತನಿಖೆ ಮಾಡಲು ಗುಬ್ಬಿಗೆ ಮನಸ್ಸಾಗಲಿಲ್ಲ. ತನ್ನ ಮೇಜಿನಲ್ಲೇ ಆದೇಶ ಟೈಪಿಸುವ ಕಪ್ಪು ಪರದೆ ತೆರೆದು, ಅತ್ತಿಗೆಯ ಹೆಸರಿನಲ್ಲಿ ಹೊಸ ಸೆಷನ್ ಶುರುಮಾಡಿದಳು. ಯುಮಾಸ್ಕ್ ಎಂದು ಒತ್ತಿದಳು. ಫೈಲು ಹುಟ್ಟುವಾಗಲೇ ಅದನ್ನು ಯಾರು ಓದಬಹುದು, ಯಾರು ಓದಬಾರದು ಎಂದು ಹಣೆಬರಹ ಬರೆಯುವ ಸಂಖ್ಯೆ ಅದು. ಸೊನ್ನೆ ಇಪ್ಪತ್ತೆರಡು ಬಂದರೆ ಎಲ್ಲರೂ ಓದಬಹುದು. ಸೊನ್ನೆ ಎಪ್ಪತ್ತೇಳು ಬಂದರೆ ಬರೆದವರ ಹೊರತು ಯಾರೂ ಓದುವಂತಿಲ್ಲ.

ಬಂದದ್ದು ಸೊನ್ನೆ ಇಪ್ಪತ್ತೆರಡು.

ಒಂದು ಖಾಲಿ ಫೈಲು ಮಾಡಿ ನೋಡಿದಳು. ಎಲ್ಲರಿಗೂ ತೆರೆದಿತ್ತು. ಸೆಷನ್ ಏಳುವಾಗ ಓದಿಕೊಳ್ಳುವ ಸೆಟ್ಟಿಂಗುಗಳನ್ನು ಸಾಲುಸಾಲಾಗಿ ಜಾಲಾಡಿದಳು. ತಪ್ಪಿಲ್ಲ. ಎದ್ದು ಕಿಟಕಿಯವರೆಗೆ ಹೋಗಿ ಬಂದಳು. ಉಗುರು ಕಚ್ಚಿದಳು. ಮತ್ತೊಮ್ಮೆ ನೋಡಿದಳು. ಸೆಟ್ಟಿಂಗು ಸರಿಯಿದ್ದೂ ಒಳಕೋಣೆಯಲ್ಲಿ ಫೈಲುಗಳು ಮುಚ್ಚಿಯೇ ಹುಟ್ಟುತ್ತಿವೆ ಎಂದರೆ ಉಳಿದದ್ದು ಒಂದೇ ದಾರಿ: ಯಾರೋ ಕೈಯಾರೆ ಆ ಸಂಖ್ಯೆ ಬದಲಿಸುತ್ತಿದ್ದಾರೆ.

"ಹೇಳು," ಎಂದಳು ಅಮ್ಮ, ಬೆನ್ನ ಹಿಂದೆಯೇ ನಿಂತು.

"ಯಂತ್ರದ ತಪ್ಪಲ್ಲಮ್ಮ."

ಅಷ್ಟು ಸಾಕಾಯಿತು. ಅಮ್ಮ ಕೂಗಿದಳು. ಅತ್ತಿಗೆ ಕಿವಿಯ ಹೆಡ್‌ಫೋನು ಕೊರಳಿಗೆ ಜಾರಿಸಿಕೊಂಡು ಬಂದಳು.

"ಫೈಲು ಮುಚ್ಚಿಡ್ತಿರೋದು ನೀನೇನಾ?"

ಅತ್ತಿಗೆ ಗುಬ್ಬಿಯನ್ನು ಒಮ್ಮೆ ನೋಡಿದಳು. ಗುಬ್ಬಿ ತಲೆ ತಗ್ಗಿಸಿದಳು.

"ಹೌದು ಅತ್ತೆ. ಮುಚ್ಚಿಡೋ ಅಂಥದ್ದೇ ಇತ್ತು."

"ನೋಡಿದ್ಯಾ, ನಾಚಿಕೆಯಾದ್ರೂ ಇದ್ಯಾ! ಸರಿ, ಇನ್ನು ಮನೆಗೆ ನಡಿ. ಅಲ್ಲಿ ಬೇಕಾದಷ್ಟು ಡಬ್ಬಿಗಳಿವೆ, ಮುಚ್ಚಳ ಮುಚ್ಚುತ್ತಾ ಕೂತಿರು. ಗುಬ್ಬಿ, ಅವಳ ಜಾಗದಲ್ಲಿ ಕೂತು ಎಲ್ಲಾ ತೆರೆದಿಡು."

ಅತ್ತಿಗೆ ಹೆಡ್‌ಫೋನನ್ನು ತೆಗೆದು, ಅದರ ತಂತಿಯನ್ನು ನೀಟಾಗಿ ಸುತ್ತಿ ಅಮ್ಮನ ಮೇಜಿನ ಮೇಲಿಟ್ಟು ಹೊರಟಳು.

ಕುರ್ಚಿ ಇನ್ನೂ ಬೆಚ್ಚಗಿತ್ತು. ಗುಬ್ಬಿ ಫೈಲುಗಳ ಅನುಮತಿ ಒಂದೊಂದಾಗಿ ಬದಲಿಸಿದಳು. ಹೊರಗೆ ಅಮ್ಮ ಗಿರಾಕಿಗೆ ಫೋನು ಮಾಡಿ ನಗುನಗುತ್ತ ಮಾತಾಡುತ್ತಿದ್ದಳು. ಕೆಲಸ ಮುಗಿಸಿ ಗುಬ್ಬಿ ಅತ್ತಿಗೆಯ ಸೆಷನ್ ಮುಚ್ಚಿದಳು. ಅದರಡಿಯಿಂದ ಮೇಲೆದ್ದದ್ದು ಗುಬ್ಬಿಯದೇ ಸೆಷನ್.

ಅದರಲ್ಲೂ ಒಮ್ಮೆ ಯುಮಾಸ್ಕ್ ಎಂದು ಒತ್ತಿದಳು.

ಸೊನ್ನೆ ಎಪ್ಪತ್ತೇಳು.

ಹೆತ್ತ ಸೆಷನ್ನಿನ ಗುಣ ಅದರೊಳಗೆ ಹುಟ್ಟಿದ ಸೆಷನ್ನಿಗೂ ಇಳಿಯುತ್ತದೆ. ತನ್ನ ಮೇಜಿನಲ್ಲಿ ಬೇರೆಯಾಗಿ ಹುಟ್ಟಿದ್ದಕ್ಕೆ ಆ ಸೋಂಕು ತಗಲಿರಲಿಲ್ಲ, ಅಷ್ಟೆ. ಹೋದ ವಾರ, ಯಾರೂ ಬರುವ ಮೊದಲು, ಈ ಸೆಷನ್ನಿನಲ್ಲಿ ಆ ಸಂಖ್ಯೆಯನ್ನು ಒತ್ತಿದ ಬೆರಳು ಗುಬ್ಬಿಯದೇ. ತನ್ನದೊಂದು ಫೈಲಿಗಾಗಿ. ಆಮೇಲೆ ಮರಳಿಸಲು ಮರೆತಿದ್ದಳು.

ಗುಬ್ಬಿ ಮೆಟ್ಟಿಲಿಗೆ ಓಡಿದಳು. ಅತ್ತಿಗೆ ಇನ್ನೂ ಕೆಳಗಿನ ಬಾಗಿಲು ದಾಟಿರಲಿಲ್ಲ.

"ಅತ್ತಿಗೆ! ಅದು ನೀವಲ್ಲ. ನಿಮಗೆ... ಗೊತ್ತಿತ್ತಾ?"

"ಊಟಕ್ಕೆ ಏಳುವಾಗ ನನ್ನ ಸೆಷನ್ ಮುಚ್ಚಿದ್ರೆ ಕಾಣೋದು ನಿಂದೇ ಅಲ್ವೇನೆ? ನೀನು ಎಲ್ಲರಿಗೂ ಬೀಗ ಹಾಕಿದೆ, ಆ ಕುರ್ಚೀಲಿ ಕೂರೋಳನ್ನ ಮರೆತೆ."

"ಮತ್ತೆ ಅಮ್ಮನ ಮುಂದೆ ಯಾಕೆ ಹೌದು ಅಂದ್ರಿ?"

ಅತ್ತಿಗೆ ಮೇಲಿನ ಬಾಗಿಲಿನತ್ತ ಒಮ್ಮೆ ನೋಡಿ, ದನಿ ತಗ್ಗಿಸಿದಳು. "ಇಲ್ಲ ಅಂದಿದ್ರೆ ಅತ್ತೆ ನಿನ್ನ ಫೈಲು ತೆಗೆಸಿ ಓದ್ತಿದ್ರು ಕಣೇ. ಹೊಸ ಕೆಲಸಕ್ಕೆ ಇಂಟರ್‌ವ್ಯೂ ನಾಳೆ ತಾನೇ?"