ಎರಡು ಚೀಲ ಲೋಳೆ

"ಎರಡು ಚೀಲ ಮಾಲು ಕದ್ದಾಳ್ರಿ ಇವಳು! ಕೇಸ್ ಹಾಕ್ರಿ," ಎಂದು ಠಾಣೆಯಲ್ಲಿ ಡೇರಿಯ ಮ್ಯಾನೇಜರ್ ಹಾವನೂರ ಕೂಗಾಡಿದ.

ಡೇರಿಯ ಕೊಳಚೆ ನೀರು ಶುದ್ಧ ಮಾಡುವ ಘಟಕವನ್ನು ಹನ್ನೊಂದು ವರ್ಷ ನೋಡಿಕೊಂಡಿದ್ದ ನೀಲವ್ವ ತಲೆ ತಗ್ಗಿಸಲಿಲ್ಲ. "ಹೌದ್ರಿ, ಒಯ್ದೇನಿ," ಎಂದಳು.

"ಚೀಲದಾಗ ಏನೈತಿ?" ಎಂದು ಫೌಜದಾರ ಕೇಳಿದ.

"ಟ್ಯಾಂಕಿನಾಗ ತೇಲೋ ಪ್ಲಾಸ್ಟಿಕ್ ಬಿಲ್ಲೆ ಅದಾವ್ರಿ. ಅವುಗಳ ಮ್ಯಾಲೆ ಬೆಳೆದ ಲೋಳೆನೇ ನೀರಿನಾಗಿನ ಅಮೋನಿಯಾ ತಿನ್ನೋದು. ಅದು ಬೆಳೀಲಿಕ್ಕೆ ಮೂರು ತಿಂಗಳು ಬೇಕು. ಇವರು ಹೊಲಸು ಅಂತ ಎಲ್ಲಾ ಬ್ಲೀಚಿಂಗ್ ಪುಡಿ ಹಾಕಿ ತೊಳಿಸಿದ್ರು. ಬ್ಯಾಡ ಅಂದಿದ್ದಕ್ಕ ನನ್ನ ಕೆಲಸದಿಂದ ತೆಗೆದ್ರು. ತೊಳಿಯೋಕಿಂತ ಮೊದಲ ಎರಡು ಚೀಲ ಉಳಿಸಿಕೊಂಡು ಬಂದು ಹಿತ್ತಲದಾಗ ಡ್ರಮ್ಮಿನ ನೀರಿನಾಗ ಇಟ್ಟೇನಿ."

"ಬಾಯಿ ಮುಚ್ಚು! ಗಟಾರದ ಲೋಳೆಗೆ ಇಷ್ಟು ಪುರಾಣ? ಒಳಗ ಹಾಕ್ರಿ ಸಾಹೇಬ್ರ ಈ ಕಳ್ಳೀನ."

ಅಷ್ಟರಲ್ಲಿ ಹಾವನೂರನ ಫೋನು ಬಡಿದುಕೊಂಡಿತು. ಡೇರಿಯ ಕೆಮಿಸ್ಟ್ ಅತ್ತಲಿಂದ ಕಿರುಚುತ್ತಿದ್ದುದು ಎಲ್ಲರಿಗೂ ಕೇಳಿಸಿತು.

"ಸರ್, ನೀರು ಮತ್ತ ಫೇಲಾತು! ಅಮೋನಿಯಾ ಇಳೀವಲ್ದು. ಹದಿನೈದು ದಿನದಾಗ ಸರಿ ಆಗದಿದ್ರ ಪೊಲ್ಯೂಷನ್ ಬೋರ್ಡಿನವರು ಡೇರಿ ಮುಚ್ಚಸ್ತಾರಂತ. ಹಳೇ ಬಿಲ್ಲೆ ಎಲ್ಲ್ಯಾದ್ರೂ ಒಂದಿಷ್ಟು ಸಿಕ್ಕರ ಉಳೀತೀವಿ."

ಫೌಜದಾರ ಪೆನ್ನು ತೆಗೆದ. "ಹಿತ್ತಲದಾಗಿನ ಮಾಲು ಈಗಲೇ ಜಪ್ತಿ ಮಾಡಸ್ತೀನಿ. ದೂರು ಹೇಳ್ರಿ, ಬರಕೋತೀನಿ."

ಹಾವನೂರ ಫೋನನ್ನು ಕಿಸೆಗೆ ಹಾಕಿ, ಹಣೆಯ ಬೆವರು ಒರೆಸಿಕೊಂಡ.

"ಎಂಥಾ ದೂರ್ರಿ ಸಾಹೇಬ್ರ? ಮನ್ಯಾಗ ಜೋಪಾನ ಇಟ್ಕೋರಿ ಅಂತ ನೀಲವ್ವನವರ ಕೈಯಾಗ ನಾನೇ ಕೊಟ್ಟು ಕಳಿಸಿದ್ದು."