ಕಸದ ಗುಡ್ಡದ ಲೋಟ

ಭೂಮಿಯೊಳಗಿನ ಅದಿರು ಮುಗಿದ ಮೇಲೆ ಬಳ್ಳಾರಿ ಸೀಮೆಯವರು ಹಳೆಯ ಕಸದ ಗುಡ್ಡಗಳನ್ನೇ ಅಗೆದು ಬದುಕುತ್ತಿದ್ದರು. ಅಂದು ಹುಲಿಗೆಮ್ಮನ ಗುದ್ದಲಿಗೆ ಒಂದು ಸ್ಟೀಲ್ ಲೋಟ ಸಿಕ್ಕಿತು. ಸೆರಗಿನಿಂದ ಒರೆಸಿದಾಗ ಅಂಚಿನ ಕೆಳಗೆ ಚುಕ್ಕಿ ಚುಕ್ಕಿಯಾಗಿ ಕೊರೆದ ಅಕ್ಷರಗಳು ಕಂಡವು: “ತಂಗಿ ಗೌರವ್ವನ ಮದುವೆಗೆ.”

ಮಣ್ಣಿನ ಕುಡಿಕೆಯಲ್ಲೇ ನೀರು ಕುಡಿದು ಬೆಳೆದವಳಿಗೆ ಅದನ್ನು ಬಿಟ್ಟುಕೊಡಲು ಮನಸ್ಸಾಗಲಿಲ್ಲ.

“ಇದನ್ನ ಮನೀಗೆ ಒಯ್ಲಾ, ದುರುಗಪ್ಪಣ್ಣ?” ಎಂದು, ಸಿಕ್ಕ ಲೋಹ ಕರಗಿಸಿಕೊಂಡು ಬದಲಿಗೆ ಅಕ್ಕಿ ಕೊಡುವ ಕುಲುಮೆಯವನನ್ನು ಕೇಳಿದಳು.

“ಒಯ್ಯವ್ವ. ಆದ್ರ ಇವತ್ತು ನಿನಗ ಸಿಕ್ಕಿದ್ದು ಇದೊಂದೇ. ಮನ್ಯಾಗ ಬಾಣಂತಿ ಮಗಳು ಅದಾಳ, ಆಕೀಗೆ ಏನು ಉಣಸ್ತಿ?”

ಹುಲಿಗೆಮ್ಮ ಆ ಅಕ್ಷರಗಳ ಮೇಲೆ ಒಮ್ಮೆ ಬೆರಳಾಡಿಸಿದಳು. ಆಮೇಲೆ ಲೋಟವನ್ನು ತಾನೇ ಕುಲುಮೆಗೆ ಹಾಕಿ, ಅಕ್ಕಿ ಕಟ್ಟಿಸಿಕೊಂಡು ಮನೆಗೆ ಹೋದಳು. ಮಗಳು ಉಂಡು ಮಲಗಿದ ಮೇಲೆ ತೊಟ್ಟಿಲಿಗೆ ಬಾಗಿ, ಇನ್ನೂ ಹೆಸರಿಡದ ಮೊಮ್ಮಗಳ ಕಿವಿಯಲ್ಲಿ ಮೆಲ್ಲಗೆ ಕರೆದಳು:

“ಗೌರವ್ವಾ.”